ಎರಡು ಪಂಚಾಂಗ, ಒಂದು ಅಡ್ವಾನ್ಸ್

ಅಟ್ಟದ ಮೇಲಿನ ಹಿತ್ತಾಳೆ ಕೊಳಗ ಇಳಿಸಲು ಹೋದವನ ನೆತ್ತಿಯ ಮೇಲೆ ಮೊನ್ನೆ ತಗಡಿನ ಬೋರ್ಡೊಂದು ಬಿತ್ತು. ಮೊಳ ಉದ್ದ, ಗೇಣು ಅಗಲ. ಹಳದಿ ಬಣ್ಣದ ಮೇಲೆ ಕೆಂಪು ತಮಿಳು ಅಕ್ಷರಗಳಲ್ಲಿ ಮನೆ ಬಾಡಿಗೆಗೆ ಇದೆ ಎಂಬ ಬರಹ. ಬರೆದವನು ನಾನೇ. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದನ್ನು ತುಂಬಿದ ಬಸ್ಸಿನ ಕೊನೆಯ ಪ್ರಯಾಣಿಕನಂತೆ ಅಂಚಿಗೆ ನೇತುಹಾಕಿದ್ದೇನೆ. ಜನ ತಮ್ಮ ಮದುವೆಯ ಫೋಟೋ ನೋಡಿ ಬಿಡುವಂಥ ನಿಟ್ಟುಸಿರನ್ನು ನಾನು ಆ ಬೋರ್ಡು ನೋಡಿ ಬಿಟ್ಟೆ.

ಆ ಬೋರ್ಡು ನನ್ನ ಸಾರ್ವಜನಿಕ ಜೀವನದ ಏಕೈಕ ದಾಖಲೆ. ಯಾಕೆಂದರೆ ನಾನೊಬ್ಬ ಹೂಡಿಕೆದಾರ. ನಗಬೇಡಿ, ಇದು ನಾನಾಗಿ ಹೇಳಿಕೊಂಡದ್ದಲ್ಲ. ಬ್ಯಾಂಕಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಏನೋ ಫಾರಂ ತುಂಬುತ್ತ "ಪಿಂಚಣಿ ಎಷ್ಟು ಸಾರ್?" ಎಂದಳು. ಹೇಳಿದೆ. ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ವಾರಕ್ಕಾ ಸಾರ್, ತಿಂಗಳಿಗಾ?"

"ತಿಂಗಳಿಗಮ್ಮ. ಮಿಲ್ಲಿನ ಪಿಂಚಣಿ."

"ಬೇರೆ ಏನೂ ಬರಲ್ವಾ?"

"ಮಾಡಿ ಮನೆ ಬಾಡಿಗೆಗೆ ಕೊಟ್ಟಿದ್ದೇನೆ."

"ಹಾಗೆ ಹೇಳಿ! ನೀವು ಪ್ರಾಪರ್ಟಿ ಇನ್ವೆಸ್ಟರ್" ಎಂದು ಆಕೆ ಸಮಾಧಾನದಿಂದ ಬರೆದುಕೊಂಡಳು. ಅಂದು ನಾನು ಬ್ಯಾಂಕಿನ ಮೆಟ್ಟಿಲನ್ನು ಎಂದಿಗಿಂತ ಸ್ವಲ್ಪ ನಿಧಾನವಾಗಿ, ಆಸ್ತಿವಂತರು ಇಳಿಯುವಂತೆ ಇಳಿದೆ.

ಆ ಆಸ್ತಿಯ ವಿವರ ಇಷ್ಟೇ. ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ನಾನು ಸ್ಟೋರ್ ಗುಮಾಸ್ತನಾಗಿದ್ದ ಮಿಲ್ಲು ಬಾಗಿಲು ಹಾಕಿದಾಗ ಕೈಗೆ ಬಂದ ಗಂಟಿನಲ್ಲಿ ಮನೆಯ ಮೇಲೆ ಒಂದು ಹಾಲು, ಒಂದು ರೂಮು, ಒಂದು ಅಡಿಗೆಮನೆ ಎಬ್ಬಿಸಿದೆ. ಮಹಡಿಗೆ ನಮ್ಮಲ್ಲಿ ಮಾಡಿ ಎನ್ನುತ್ತಾರೆ. ಮೆಟ್ಟಿಲು ಹೊರಗಡೆಯಿಂದ. ಈ ಹೂಡಿಕೆಯ ಹಿಂದಿನ ತತ್ವಶಾಸ್ತ್ರ ನಮ್ಮಪ್ಪನದು. ಅವರು ನೇಕಾರರು. ಗುಂಡಿ ಮಗ್ಗದಲ್ಲಿ ಸೊಂಟದ ತನಕ ಇಳಿದು ಕೂತು, ಲಾಳಿ ಒಗೆಯುತ್ತಲೇ ಉಪದೇಶ ಮಾಡುತ್ತಿದ್ದರು: "ಮಗ್ಗ ಇದೆಯಲ್ಲ ಮಗಾ, ಕಾಲಾಡ್ಸಿದ್ರೆ ಮಾತ್ರ ಕೂಲಿ ಕೊಡ್ತದೆ. ಮನೆ ನೋಡು. ಓನರಮ್ಮ ಮಲಗಿ ಗೊರಕೆ ಹೊಡೀತಿದ್ರೂ ಅವಳಿಗೆ ದುಡೀತಾ ಇರ್ತದೆ."

ಓನರಮ್ಮ ಎಂದರೆ ಪೊನ್ನಮ್ಮಾಳ್. ನಾವು ಆಗ ಇದ್ದದ್ದು ಆಕೆಯ ಲೈನ್ ಮನೆಯಲ್ಲಿ. ಒಂದೇ ಸೂರಿನ ಕೆಳಗೆ ರೈಲು ಡಬ್ಬಿಗಳಂತೆ ಎಂಟು ಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ. ಕುಡಿಯುವ ನೀರು ಬರುವ ದಿನ ಪೊನ್ನಮ್ಮಾಳ್ ನಲ್ಲಿಯ ಪಕ್ಕ ಮಣೆ ಹಾಕಿಕೊಂಡು ಕೂತು, ಮನೆಗೆ ನಾಲ್ಕು ಕೊಡದಂತೆ ಎಣಿಸುತ್ತಿದ್ದಳು. ಐದನೆಯ ಕೊಡಕ್ಕೆ ಕೆಮ್ಮುತ್ತಿದ್ದಳು. ಆ ಕೆಮ್ಮಿಗೆ ಹೆದರಿ ನಮ್ಮಮ್ಮ ಎಷ್ಟೋ ಸಲ ತುಂಬಿದ ಕೊಡವನ್ನೇ ಮತ್ತೆ ಚೆಲ್ಲಿ ಬಂದದ್ದುಂಟು. ನಾವು ಆ ಮನೆ ಬಿಟ್ಟ ದಿನ ಪೊನ್ನಮ್ಮಾಳ್ ದೀಪ ಹಿಡಿದು ಒಳಬಂದು ಗೋಡೆಯಲ್ಲಿದ್ದ ಮೊಳೆಯ ತೂತುಗಳನ್ನು ಎಣಿಸಿದಳು. ನೂಲು ತೂಗುಹಾಕುವ ಮನೆಯಲ್ಲಿ ಮೊಳೆ ಇರದೆ ಏನಿರುತ್ತದೆ? ತೂತಿಗೆ ಇಷ್ಟು ಎಂದು ಮುರಿದುಕೊಂಡು, ಉಳಿದ ಅಡ್ವಾನ್ಸನ್ನು "ಮುಂದಿನವರು ಬರಲಿ, ಕೊಡ್ತೇನೆ" ಎಂದಳು. ಮುಂದಿನವರು ಬರುವ ತನಕ ಅಪ್ಪ ದಿನಾ ಸಂಜೆ ಆಕೆಯ ಬಾಗಿಲಿಗೆ ಹೋಗಿ ನಿಂತು ಬರುತ್ತಿದ್ದರು. ಜೊತೆಯಲ್ಲಿ ನಾನು. ಆಗ ನಾನು ಮನಸ್ಸಿನಲ್ಲೇ ಒಂದು ಘೋರ ಪ್ರತಿಜ್ಞೆ ಮಾಡಿದೆ: ದೊಡ್ಡವನಾದ ಮೇಲೆ ನಾನೂ ಓನರ್ ಆಗುತ್ತೇನೆ, ಆದರೆ ಒಳ್ಳೆಯ ಓನರ್ ಆಗುತ್ತೇನೆ.

ಪ್ರತಿಜ್ಞೆಯ ಮೊದಲರ್ಧ ಐವತ್ತೆರಡನೆಯ ವಯಸ್ಸಿಗೆ ನೆರವೇರಿತು. ಎರಡನೆಯ ಅರ್ಧದ ಕಥೆ ಇದು.

ಆ ಬೋರ್ಡು ನೋಡಿ ನಮ್ಮ ಮಾಡಿ ಮನೆಗೆ ಬಂದವಳು ರಂಗನಾಯಕಿ. ಉಡುಮಲೈ ಕಡೆಯ ಬೇಸಾಯಗಾರರ ಮನೆಯ ಹೆಣ್ಣು. ಮನೆಯಲ್ಲಿ ನಮ್ಮ ಹಾಗೆ ಕನ್ನಡವೇ, ಆದರೆ ನಮ್ಮದಕ್ಕಿಂತ ತುಸು ಮಣ್ಣಿನ ಕನ್ನಡ. ಗಂಡ ಕನಕರಾಜು ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿ ಕಟಿಂಗ್ ಮಾಸ್ಟರ್. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುವುದು. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಬಾಡಿಗೆ ಐದು ಸಾವಿರ. ನಮ್ಮೂರ ಪದ್ಧತಿಯಂತೆ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್, ಐವತ್ತು ಸಾವಿರ.

ಅಡ್ವಾನ್ಸ್ ಎಂಬುದರ ಬಗ್ಗೆ ಎರಡು ಮಾತು. ಅದು ಓನರನ ಕೈಯಲ್ಲಿದ್ದರೂ ಓನರನದಲ್ಲ, ಬಾಡಿಗೆಯವರದಾದರೂ ಅವರ ಕೈಯಲ್ಲಿಲ್ಲ. ಇಂಥ ವೈರಾಗ್ಯದ ಹಣವನ್ನು ನಾನು ಕೈಗೆ ಬಂದ ತಿಂಗಳೇ ನೀರಿನ ತೊಟ್ಟಿಗೂ ಮೋಟಾರಿಗೂ ಹಾಕಿದೆ. ಎಲ್ಲ ಓನರುಗಳೂ ಹೀಗೇ ಮಾಡುವುದು. ಹಿಂದಿನವರಿಗೆ ಕೊಡಬೇಕಾದ್ದನ್ನು ಮುಂದಿನವರು ತರುತ್ತಾರೆ. ಒಬ್ಬರು ಮೆಟ್ಟಿಲಿಳಿಯುವಾಗ ಇನ್ನೊಬ್ಬರು ಹತ್ತುತ್ತಿದ್ದರೆ ಸಾಕು, ಸಂಸಾರ ಚಕ್ರ ನಡೆಯುತ್ತದೆ.

ಒಂಬತ್ತು ವರ್ಷ ನಾನು ಬಾಡಿಗೆ ಏರಿಸಲಿಲ್ಲ. ಇದನ್ನು ಔದಾರ್ಯ ಎಂದು ನೀವು ತಿಳಿದರೆ ನಾನು ಬೇಡ ಅನ್ನುವುದಿಲ್ಲ. ನಿಜ ಏನೆಂದರೆ ಪ್ರತಿ ಏಪ್ರಿಲಿನಲ್ಲೂ ಬಚ್ಚಲುಮನೆಯಲ್ಲಿ ನಿರ್ಧಾರವನ್ನೇನೋ ಮಾಡುತ್ತಿದ್ದೆ. ಮೆಟ್ಟಿಲು ಹತ್ತಲು ಚಪ್ಪಲಿ ಹಾಕುವಷ್ಟರಲ್ಲಿ ರಂಗನಾಯಕಿ ಒಂದು ಬಟ್ಟಲಲ್ಲಿ ಅಕ್ಕಿಬೇಳೆ ಅನ್ನವನ್ನೋ ಬೆಲ್ಲದ ಕಚ್ಚಾಯವನ್ನೋ ಮುಚ್ಚಿಕೊಂಡು ಇಳಿದು ಬರುತ್ತಿದ್ದಳು. "ಅಣ್ಣಾ, ಬಿಸಿ ಇರೋವಾಗ್ಲೇ ತಿನ್ನುಂಗ." ಅವಳ ಮಾತಿನ ಬಾಲಕ್ಕೆ ಅಂಟುವ ಆ ‘ಉಂಗ’ ನಿಮ್ಮ ‘ರೀ’ ಇದ್ದಂತೆ, ಮರ್ಯಾದೆಗೆ. ಬಿಸಿ ಅನ್ನ ತಿನ್ನುತ್ತ ಬಾಡಿಗೆ ಏರಿಸಿದ ಓನರ್ ಯಾರಾದರೂ ಇದ್ದರೆ ಅವನಿಗೆ ನನ್ನ ನಮಸ್ಕಾರ. ನನ್ನ ಹೆಂಡತಿ ಸೌಡೇಶ್ವರಿಗೆ ಕಣ್ಣಿನ ಪೊರೆ ತೆಗೆದಾಗ ಹನ್ನೊಂದು ದಿನ ಮದ್ದು ಹಾಕಿದವಳು ರಂಗನಾಯಕಿ. ನನ್ನ ಷರಟುಗಳ ಕಾಲರು ಸವೆದಾಗ ಬಿಚ್ಚಿ ತಿರುಗಿಸಿ ಹೊಲಿದುಕೊಟ್ಟವಳೂ ಅವಳೇ.

ಹೀಗಿರುವಾಗ ಕಳೆದ ಜೂನಿನಲ್ಲಿ ನಾನು ಬೇಕರಿಗೆ ಹೋದೆ. ಕೊಯಮತ್ತೂರಿನಲ್ಲಿ ಚಹಾ ಕುಡಿಯುವ ಜಾಗಕ್ಕೆ ಬೇಕರಿ ಎಂದು ಹೆಸರು. ಅಲ್ಲಿ ಮನೆ ಬ್ರೋಕರ್ ಆರುಮುಗಂ ಕೂತಿದ್ದ. ತನ್ನ ಚಹಾದ ದುಡ್ಡನ್ನು ತಾನೇ ಕೊಟ್ಟದ್ದನ್ನು ಯಾರೂ ನೋಡಿಲ್ಲ.

"ಮಾಡಿ ಮನೆಗೆ ಎಷ್ಟು ಬರ್ತಿದೆ ಸಾರ್?" ಎಂದ ತಮಿಳಿನಲ್ಲಿ.

"ಐದು."

ಆರುಮುಗಂ ಗ್ಲಾಸು ಕೆಳಗಿಟ್ಟು, ಪಕ್ಕದವರಿಗೂ ಕೇಳುವಂತೆ ಹೇಳಿದ: "ಐದಾ! ಸಾರ್ ಧರ್ಮಸತ್ರ ನಡೆಸ್ತಿದ್ದಾರಪ್ಪಾ. ಎದುರು ಬೀದಿಯಲ್ಲಿ ಬಿಸಿಲು ಸಹ ಬೀಳದ ಮನೆಗೆ ಏಳೂವರೆ. ನಿಮ್ಮದರಲ್ಲಿ ಬಿಸಿಲು ಬೇರೆ ಇದೆ!"

ಬಿಸಿಲಿಗೂ ಬೆಲೆಯಿದೆ ಎಂದು ನನಗೆ ಅಂದೇ ತಿಳಿದದ್ದು. ಒಳಗಿದ್ದ ಹೂಡಿಕೆದಾರ ಎದ್ದು ಕೂತ. ಅವನ ಚಹಾದ ದುಡ್ಡನ್ನೂ ನಾನೇ ಕೊಟ್ಟು, ಅದೇ ಬಿಸಿಯಲ್ಲಿ ಮನೆಗೆ ಬಂದು ನೇರವಾಗಿ ಮೆಟ್ಟಿಲು ಹತ್ತಿದೆ.

ರಂಗನಾಯಕಿ ಹೊಲಿಗೆ ಮಿಷಿನ್ನಿನ ಮುಂದೆ ಇದ್ದಳು. ನಾನು ಗಂಟಲು ಸರಿಮಾಡಿಕೊಂಡು, ತೆರಿಗೆ ಏರಿದ್ದು, ಮೋಟಾರಿನ ಕರೆಂಟು, ಸಿಮೆಂಟಿನ ಬೆಲೆ, ದೇಶದ ಪರಿಸ್ಥಿತಿ ಎಲ್ಲವನ್ನೂ ಹೇಳಿ ಕೊನೆಗೆ, "ಬರೋ ತಿಂಗಳಿಂದ ಏಳೂವರೆ ಮಾಡ್ಕೋಬೇಕಮ್ಮಾ" ಎಂದೆ.

ಮಿಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. "ಸರಿಂಗಣ್ಣಾ" ಎಂದಳು.

ಇಷ್ಟು ಸುಲಭವೇ? ಇಳಿದು ಬಂದವನು ಕನ್ನಡಿಯಲ್ಲಿ ಮೀಸೆ ನೋಡಿಕೊಂಡೆ. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಇಳಿದು ಬಂದು ಬಾಗಿಲಲ್ಲೇ ನಿಂತು ಹೇಳಿದಳು:

"ಅಣ್ಣಾ, ಮೂರನೇ ಬೀದೀಲಿ ಟೀಚರಮ್ಮನ ಮನೆ ಸಿಕ್ತುಂಗ. ಕೆಳಗಿನ ಮನೆ. ಬೀದಿ ಕಡೆ ಬಾಗಿಲಿರೋ ಒಂದು ರೂಮು ಇದೆ. ಅಲ್ಲೇ ಇನ್ನೊಂದು ಮಿಷಿನ್ ಹಾಕಿ ಕಡೆ ಥರ, ಟೈಲರ್ ಅಂಗಡಿ ಥರ ಮಾಡ್ಕೊಳ್ಳಾಣಾಂತ. ಆಡಿ ಹಿಡಿಯೋ ಮುಂಚೆ ನಿನ್ನೇನೇ ಹಾಲು ಕಾಯ್ಸಿಬಿಟ್ಟೆ."

ಆಡಿ ತಮಿಳರ ತಿಂಗಳು, ಜುಲೈ ನಡುವೆ ಹಿಡಿಯುತ್ತದೆ, ಅದರಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಹೊಸ ಮನೆಗೆ ಹೋಗುವವರು ಮೊದಲು ಅಲ್ಲಿ ಹಾಲು ಉಕ್ಕಿಸಬೇಕು. ಒಲೆ ಹಚ್ಚಿ ಹಾಲು ಉಕ್ಕಿಸಿದರೆ ಆ ಮನೆ ಅವರದಾಯಿತೆಂದು ಲೆಕ್ಕ. ಸಾಮಾನು ಆಮೇಲೆ ಯಾವಾಗ ಬೇಕಾದರೂ ಹೋಗಬಹುದು.

"ಟೀಚರಮ್ಮಂಗೆ ಎಪ್ಪತ್ತೈದು ಅಡ್ವಾನ್ಸ್ ಕೊಡ್ಬೇಕುಂಗ. ಇಪ್ಪತ್ತೈದು ನಮ್ ಹತ್ರ ಇದೆ. ನೀವು ಕೊಡೋ ಐವತ್ತು ಸೇರಿಸಿ ಕೊಟ್ಬಿಡ್ತೀವಿ. ಆಡಿ ಮುಗಿಯೋವರೆಗೆ ಹೇಗೂ ಯಾರೂ ಬರಲ್ಲ, ಅಷ್ಟರವರೆಗೆ ಕಾಯ್ತೀನಿ ಅಂದ್ರು. ಆಮೇಲೆ ಬ್ಯೂಟಿ ಪಾರ್ಲರ್‌ನವ್ರೊಬ್ರು ಎಪ್ಪತ್ತೈದನ್ನೂ ಮುಳುಸಾ ಹಿಡ್ಕೊಂಡು ನಿಂತಿದ್ದಾರಂತೆ."

ನಾನು "ಅದಕ್ಕೇನಮ್ಮಾ, ಕೊಟ್ಟರಾಯ್ತು" ಎಂದೆ. ದನಿ ನನಗೇ ಎಲ್ಲೋ ಕೇಳಿದಂತಿತ್ತು.

ಅವಳು ಹೋದಮೇಲೆ ಸೌಡೇಶ್ವರಿ ಅಡಿಗೆಮನೆಯಿಂದ ಹೊರಬಂದಳು. ನಮ್ಮ ಕುಲದೇವತೆಯ ಹೆಸರು ಇಟ್ಟುಕೊಂಡವಳಾದ್ದರಿಂದ ಅವಳ ಮಾತಿಗೆ ಈ ಮನೆಯಲ್ಲಿ ಮೇಲ್ಮನವಿ ಇಲ್ಲ.

"ನಾಡಿದ್ದು ಆಷಾಢ ಹಿಡೀತದೆ. ಗೊತ್ತಾ?"

ಗೊತ್ತಿರಲಿಲ್ಲ. ಆದರೆ ಅದನ್ನು ಅವಳಿಗೆ ಹೇಳಿದವನು ನಾನೇ. ನಮ್ಮಲ್ಲಿ ಕನ್ನಡ ಅಕ್ಷರ ಬಲ್ಲವನು ನಾನೊಬ್ಬನೇ, ತಾತ ಮರಳಿನ ಮೇಲೆ ಬರೆಸಿ ಕಲಿಸಿದ್ದು. ವರ್ಷಕ್ಕೊಮ್ಮೆ ಮೈಸೂರಿನ ಕಡೆಯ ನೆಂಟರು ತಂದುಕೊಡುವ ಪಂಚಾಂಗವನ್ನು ಯುಗಾದಿಯ ದಿನ ನಾನು ಗಟ್ಟಿಯಾಗಿ ಓದುತ್ತೇನೆ. ಸೌಡೇಶ್ವರಿ ಕೇಳಿ ನೆನಪಿಟ್ಟುಕೊಳ್ಳುತ್ತಾಳೆ. ನಾನು ಓದಿ ಮರೆಯುತ್ತೇನೆ. ಅವಳ ಕಾನೂನಿನಂತೆ ಆಷಾಢದಲ್ಲಿ ಹೊಸಬರನ್ನು ಮನೆಗೆ ಸೇರಿಸಕೂಡದು, ಅವರ ಅಡ್ವಾನ್ಸನ್ನೂ ಮುಟ್ಟಕೂಡದು.

"ಆಯ್ತು, ಒಂದು ತಿಂಗಳು ತಾನೆ?" ಎಂದೆ.

"ಒಂದಾ? ಅದು ಮುಗಿಯೋ ಮುಂಚೆ ಇವರ ಆಡಿ ಹಿಡ್ಕೊಳ್ತದೆ. ಆಡೀಲಿ ಯಾವ ತಮಿಳ್ರು ಮನೆ ಮಾರ್ತಾರೆ, ಹೇಳಿ ನೋಡಾಣ. ಬಾಡಿಗೆ ಏರ್ಸೋರು ತೈ ತಿಂಗಳಲ್ಲಿ ಏರಿಸ್ತಾರೆ, ಚಿತ್ತಿರೆಯಲ್ಲಿ ಏರಿಸ್ತಾರೆ. ಎರಡು ಕೆಟ್ಟ ತಿಂಗಳನ್ನ ಮುಂದೆ ಇಟ್ಕೊಂಡು ಯಾರಾದ್ರೂ ಏರಿಸ್ತಾರಾ?"

ಮನೆ ಮಾರುವುದು ಎಂದರೆ ಅವಳ ಬಾಯಲ್ಲಿ ಮನೆ ಬದಲಿಸುವುದು. ಗಾಬರಿಯಲ್ಲಿದ್ದ ನನಗೆ ಒಂದು ಕ್ಷಣ ಮಾರಿಬಿಡುವುದೇ ವಾಸಿ ಅನ್ನಿಸಿತು.

ನನ್ನ ಪರಿಸ್ಥಿತಿಯನ್ನು ನೀವು ಶಾಂತಚಿತ್ತದಿಂದ ಗಮನಿಸಬೇಕು. ಶುದ್ಧ ತಮಿಳು ಓನರನಿಗೆ ಆಡಿ ಮಾತ್ರ ತೊಂದರೆ. ಮೈಸೂರಿನ ಓನರನಿಗೆ ಆಷಾಢ ಮಾತ್ರ. ಕೊಯಮತ್ತೂರಿನ ಕನ್ನಡದ ಓನರನಿಗೆ ಮಾತ್ರ ಎರಡೂ. ನಮ್ಮದು ಚಂದ್ರನ ಲೆಕ್ಕ, ಅವರದು ಸೂರ್ಯನ ಲೆಕ್ಕ. ಆಷಾಢ ಜೂನ್ ಕೊನೆಗೆ ಹಿಡಿದರೆ ಆಡಿ ಬಿಡುವುದು ಆಗಸ್ಟ್ ನಡುವೆ. ನಾಲ್ಕು ತಲೆಮಾರು ಇಲ್ಲಿ ಬಾಳಿದ ತಪ್ಪಿಗೆ ಸೂರ್ಯಚಂದ್ರರಿಬ್ಬರೂ ಸೇರಿ ನನ್ನ ಮಾಡಿ ಮನೆಗೆ ಬೀಗ ಹಾಕಿದರು. ಆ ವರ್ಷ ಅಧಿಕಮಾಸ ಇರಲಿಲ್ಲ ಎಂಬುದೊಂದೇ ಪುಣ್ಯ.

ಹೀಗೆ ಆ ಐವತ್ತು ಸಾವಿರ ತರಬೇಕಾದ ಮುಂದಿನವರು ಬರುವ ಹಾಗಿರಲಿಲ್ಲ. ಹಿಂದಿನವಳು ಅದಿಲ್ಲದೆ ಹೋಗುವ ಹಾಗಿರಲಿಲ್ಲ. ಒಂದು ಮನೆಯಲ್ಲಿ ಹಾಲು ಉಕ್ಕಿಸಿ ಇನ್ನೊಂದು ಮನೆಯಲ್ಲಿ ಅನ್ನ ಮಾಡುತ್ತ ರಂಗನಾಯಕಿ ನಮ್ಮ ಮೇಲೆಯೇ ಉಳಿದಳು. ಜುಲೈ ಒಂದನೆಯ ತಾರೀಖು ಎಂದಿನಂತೆ ಐದು ಸಾವಿರ ತಂದಳು. ಇಂಥ ಸಂದರ್ಭದಲ್ಲಿ ಬಾಡಿಗೆಯವರು ಬಾಡಿಗೆ ಕೊಡದೆ ಅಡ್ವಾನ್ಸಿನಲ್ಲಿ ಕಳೆದುಕೊಳ್ಳುವುದು ಊರಿನ ರೂಢಿ.

"ಅಡ್ವಾನ್ಸಲ್ಲಿ ಕಳ್ಕೊಳ್ಳಮ್ಮಾ" ಎಂದೆ, ತೀರ ಧಾರಾಳವಾಗಿ.

"ಬೇಡುಂಗಣ್ಣಾ. ಅದು ಮುಳುಸಾಗೇ ಇರ್ಲಿ. ನಂಗೆ ಆ ರೂಮು ತಪ್ಪಬಾರ್ದು."

ಅಂದಿನಿಂದ ಬಟ್ಟಲು ಇಳಿಯುವುದು ನಿಂತಿತು. ಜಗಳವಿಲ್ಲ, ಮುಖ ಸಿಂಡರಿಸುವುದಿಲ್ಲ. "ಅಣ್ಣಾ" ಮಾತ್ರ ಎಂದಿನಂತೆಯೇ. ಆದರೆ ನಾನು ಅವಳ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಸ್ನಾನಕ್ಕೆ ಹೋಗತೊಡಗಿದೆ. ಆ ತಿಂಗಳು ನನ್ನಷ್ಟು ಶುಚಿಯಾಗಿದ್ದ ಮನುಷ್ಯ ಸಿಂಗಾನಲ್ಲೂರಿನಲ್ಲಿ ಇರಲಿಕ್ಕಿಲ್ಲ. ಒಂದು ದಿನ ಕಿಟಕಿಯಿಂದ ನೋಡಿದರೆ ಕನಕರಾಜು ಕೆಲಸದಿಂದ ಬಂದವನು ಮೇಲೆ ಹೋಗದೆ ನಮ್ಮ ಬಾಗಿಲ ಬಳಿ ಊಟದ ಡಬ್ಬಿ ಹಿಡಿದು ನಿಂತಿದ್ದ. ಕರೆಯಲೂ ಇಲ್ಲ, ಬೆಲ್ಲು ಒತ್ತಲೂ ಇಲ್ಲ. ಸುಮ್ಮನೆ ಸ್ವಲ್ಪ ಹೊತ್ತು ನಿಂತು ಹೋದ. ಹಾಗೆ ನಿಲ್ಲುವುದನ್ನು ನಾನು ಮೊದಲೂ ನೋಡಿದ್ದೆ. ಪಕ್ಕದಲ್ಲಿ ನಿಂತು ನೋಡಿದ್ದೆ.

ಆರುಮುಗಂ ಕೈಬಿಡಲಿಲ್ಲ. ಮೊದಲು ಮದುಕ್ಕರೈಯಿಂದ ಒಬ್ಬ ಮಲಯಾಳಿಯನ್ನು ಕರೆತಂದ. ಮನುಷ್ಯ ಮನೆ ನೋಡಿದ, ಬಿಸಿಲು ಮೆಚ್ಚಿದ, ಆಮೇಲೆ ಅವರಲ್ಲಿಯೂ ಇದು ಕರ್ಕಾಟಕ ಮಾಸ, ಮುಗಿಯಲಿ ಎಂದ. ಮೂರನೆಯ ಪಂಚಾಂಗವೊಂದು ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಎರಡನೆಯ ಸಲ ಒತ್ತಿಯ ಪ್ರಸ್ತಾಪ ತಂದ. ಒತ್ತಿ ಎಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು, ಬಾಡಿಗೆ ಇಲ್ಲದೆ ಮೂರು ವರ್ಷ ಇದ್ದು, ಹೋಗುವಾಗ ಅಷ್ಟನ್ನೂ ವಾಪಸು ಪಡೆಯುವುದು.

"ಪಾರ್ಟಿಗೆ ಆಡಿಯೂ ಇಲ್ಲ, ಗೀಡಿಯೂ ಇಲ್ಲ ಸಾರ್. ನಾಳೆಯೇ ಐದು ಲಕ್ಷ. ಐವತ್ತು ಸಾವಿರ ಎಸೆದುಬಿಡಿ, ಮಿಕ್ಕದ್ದು ಬ್ಯಾಂಕಲ್ಲಿ ಹಾಕಿ ಕಾಲು ಮೇಲೆ ಕಾಲು ಹಾಕ್ಕೊಂಡು ಬಡ್ಡಿ ತಿನ್ನಿ."

ನಾನು ಹಳೆಯ ಸ್ಟೋರ್ ಗುಮಾಸ್ತ. ಕಾಗದ ತೆಗೆದು ಲೆಕ್ಕ ಹಾಕಿದೆ. ಬಡ್ಡಿ ತಿಂಗಳಿಗೆ ಮೂರು ಸಾವಿರವೂ ಮುಟ್ಟುವುದಿಲ್ಲ, ಐದು ಸಾವಿರದ ಬಾಡಿಗೆ ಹೋಗುತ್ತದೆ. ಆದರೂ ಐದು ಲಕ್ಷ ಎಂಬ ಶಬ್ದಕ್ಕೆ ಒಂದು ನಾದವಿದೆ. ಕಾಗದ ಹಿಡಿದು ಸೌಡೇಶ್ವರಿಯ ಮುಂದೆ ಕೂತೆ. ಅವಳು ಕೇಳಿ ಮುಗಿಸಿ, ಸೊಪ್ಪು ಬಿಡಿಸುತ್ತಲೇ ಒಂದೇ ಪ್ರಶ್ನೆ ಕೇಳಿದಳು:

"ಐವತ್ತು ಸಾವಿರ ಇಟ್ಕೊಳ್ಳಕ್ಕೆ ಆಗ್ದೇ ಇರೋರು ಐದು ಲಕ್ಷ ಇಟ್ಕೊಳ್ತೀರಾ?"

ಆರ್ಥಿಕ ಸಲಹೆಗಾರರು ಪುಸ್ತಕ ಬರೆದು ಹೇಳುವುದನ್ನು ಈ ಹೆಂಗಸು ಹರಿವೆ ಸೊಪ್ಪಿನ ಮೇಲೆ ಹೇಳಿ ಮುಗಿಸಿದಳು. ಆಮೇಲೆ ಕಡ್ಡಿಗಳನ್ನು ಒಟ್ಟುಮಾಡುತ್ತ ಮೆಲ್ಲಗೆ ಸೇರಿಸಿದಳು: "ಬ್ಯಾಂಕಲ್ಲಿ ಒಂದು ಲಕ್ಷ ಇದೆಯಲ್ಲ."

ಇತ್ತು. ಅದು ಅವಳ ಕಣ್ಣಿನ ಮದ್ದಿಗಲ್ಲ, ನನ್ನ ಸಕ್ಕರೆ ಕಾಯಿಲೆಗಲ್ಲ. ನಮ್ಮಿಬ್ಬರನ್ನೂ ಗೌರವದಿಂದ ಕಳಿಸಿಕೊಡುವ ಖರ್ಚಿಗೆಂದು, ತಲೆಗೆ ಐವತ್ತರಂತೆ ಇಟ್ಟಿದ್ದ ಡಿಪಾಸಿಟ್ಟು. ಯಾರಿಗೂ ಹೊರೆಯಾಗಬಾರದೆಂಬ ನನ್ನ ಸ್ವಾಭಿಮಾನದ ಏಕಮಾತ್ರ ಕಟ್ಟಡ.

"ಅದನ್ನ ಮುರಿದರೆ?"

"ಮುರಿದ್ರೆ ಒಬ್ರು ಹೋಗಬಹುದು. ಇನ್ನೊಬ್ರು ಸ್ವಲ್ಪ ಕಾಯಬೇಕು. ನೀವು ಕಾಯಿರಿ."

ಇನ್ನು ದಿನದ ಪ್ರಶ್ನೆ. ಆಡಿಯಲ್ಲಿ ಹಣ ಕೊಟ್ಟರೆ ರಂಗನಾಯಕಿ ತೆಗೆದುಕೊಂಡು ಹೊಸ ಮನೆಗೆ ಕಟ್ಟುತ್ತಾಳೆಯೇ? ಸೌಡೇಶ್ವರಿ ಗೋಡೆಯ ತಮಿಳು ಕ್ಯಾಲೆಂಡರಿನ ಹಾಳೆಗಳನ್ನು ಎತ್ತಿ ಎತ್ತಿ ನೋಡಿದಳು. ಆಡಿ ಹದಿನೆಂಟು. ಇಡೀ ತಿಂಗಳಲ್ಲಿ ಹೊಸದೇನಾದರೂ ಮಾಡಬಹುದಾದ ಒಂದೇ ದಿನ ಅದು. ಅಷ್ಟರಲ್ಲಿ ನಮ್ಮ ಆಷಾಢವೂ ಮುಗಿದು ಶ್ರಾವಣ ಬಂದಿರುತ್ತದೆ. ಸೂರ್ಯಚಂದ್ರರಿಬ್ಬರೂ ರುಜು ಹಾಕಿದ ದಿನ. ಬ್ಯಾಂಕಿಗೆ ಅದಕ್ಕೂ ಮುಂಚೆಯೇ ಹೋದೆ. ಅದೇ ಹುಡುಗಿ, "ಅವಧಿಗೆ ಮುಂಚೆ ಮುರಿದ್ರೆ ಬಡ್ಡಿ ಕಡಿಮೆ ಆಗುತ್ತೆ ಸಾರ್, ಪರವಾಗಿಲ್ವಾ?" ಎಂದಳು. ಹೂಡಿಕೆದಾರರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲವೆಂಬಂತೆ ಕೈ ಆಡಿಸಿದೆ.

ಆಡಿ ಹದಿನೆಂಟರ ಬೆಳಿಗ್ಗೆ ವೀಳ್ಯದೆಲೆಯ ಮೇಲೆ ಐವತ್ತು ಸಾವಿರ ಇಟ್ಟು ಕೊಟ್ಟೆ. ರಂಗನಾಯಕಿ ಕಣ್ಣಿಗೊತ್ತಿಕೊಂಡಳು. "ದೊಡ್ಡೋರು ಯಾರಾದ್ರೂ ಜೊತೆಗೆ ಬಂದ್ರೆ ಚೆನ್ನಾಗಿರುತ್ತೆ. ಅವ್ರು ಇವತ್ತೂ ಡ್ಯೂಟಿ. ನೀವೇ ಬನ್ನುಂಗಣ್ಣಾ" ಎಂದಳು. ಹೋದೆ. ಮೂರನೇ ಬೀದಿ ದೂರವಲ್ಲ. ಬೀದಿಯ ಕಡೆಯ ರೂಮು ನಿಜಕ್ಕೂ ಚೆನ್ನಾಗಿತ್ತು. ಬಿಸಿಲು ಮಾತ್ರ ಇರಲಿಲ್ಲ. ಟೀಚರಮ್ಮ ಕನ್ನಡಕ ಏರಿಸಿ ನೋಟುಗಳನ್ನು ಎರಡು ಸಲ ಎಣಿಸಿ, ಪಾಠ ಒಪ್ಪಿಸುವಂತೆ ಹೇಳಿದರು: "ಬಾಡಿಗೆ ಏಳೂವರೆ. ಐದನೇ ತಾರೀಖು ದಾಟಬಾರದು. ವರ್ಷಕ್ಕೆ ಐನೂರು ಏರಿಕೆ."

"ಸರಿಂಗ ಟೀಚರ್" ಎಂದಳು ರಂಗನಾಯಕಿ.

ಟೀಚರಮ್ಮ ರಸೀದಿ ಬರೆಯಲು ಒಳಗೆ ಹೋದರು. ನಾನು ಅಂಗಳದಲ್ಲಿ ತಡೆಯಲಾರದೆ ಕೇಳಿದೆ. "ಏಳೂವರೆಯೇ ಅಲ್ಲವೇನಮ್ಮಾ, ನಾನು ಕೇಳಿದ್ದೂ?"

"ಹೌದುಂಗಣ್ಣಾ."

"ಚೌಕಾಸಿ ಮಾಡಬಹುದಿತ್ತಲ್ಲ. ಆರಕ್ಕೆ ಇಳಿಸು ಅಂದಿದ್ದರೆ ಇಳಿಸುತ್ತಿದ್ದೆ. ಆ ರೂಮು ಬೇಕಾಗಿತ್ತು ಅಂತಾನಾ ಬಿಟ್ಟಿದ್ದು?"

"ರೂಮು ಆಮೇಲೆ ನೋಡಿದ್ದುಂಗ." ಅವಳು ಸೆರಗಿನ ತುದಿಯಲ್ಲಿ ಅಂಟಿದ್ದ ದಾರದ ಎಳೆಯೊಂದನ್ನು ಬಿಡಿಸುತ್ತಿದ್ದಳು. "ದುಡ್ಡು ಹೆಚ್ಚು ಅಂತ ಅಲ್ಲುಂಗಣ್ಣಾ. ಅವತ್ತು ನೀವು ಬಂದು, ತೆರಿಗೆ ಗಿರಿಗೆ ಅಂತೆಲ್ಲ ಹೇಳಿ ಕೇಳಿದ್ರಲ್ಲ, ಅಷ್ಟರವರೆಗೆ ನಾನು ಬಾಡಿಗೆಗೆ ಇದೀನಿ ಅನ್ನೋದೇ ನಂಗೆ ಜ್ಞಾಪಕ ಇರ್ಲಿಲ್ಲ."

ಏಪ್ರಿಲಿನ ಬಚ್ಚಲುಮನೆಯೊಂದನ್ನು ಬಿಟ್ಟರೆ ಒಂಬತ್ತು ವರ್ಷ ನನಗೂ ಜ್ಞಾಪಕ ಇರಲಿಲ್ಲ ಎಂದು ಹೇಳಬಹುದಿತ್ತು.

ಟೀಚರಮ್ಮ ರಸೀದಿ ಹಿಡಿದು ಹೊರಬಂದರು. ನನ್ನನ್ನು ಆಗಲೇ ಮೊದಲ ಬಾರಿ ಸರಿಯಾಗಿ ನೋಡಿದಂತೆ, "ಇವರು ಯಾರಮ್ಮಾ? ಅಪ್ಪನಾ, ದೊಡ್ಡಪ್ಪನಾ?" ಎಂದು ಕೇಳಿದರು.

ರಂಗನಾಯಕಿ ನನ್ನ ಮುಖ ನೋಡಿದಳು. ಏನು ಹೇಳಬೇಕೆಂದು ನನ್ನನ್ನೇ ಕೇಳುವಂತೆ ನೋಡಿದಳು. ಆಮೇಲೆ ಹೇಳಿದಳು:

"ಓನರುಂಗ. ಹಳೇ ಮನೆ ಓನರು."

ಮನೆ ಪತ್ರದಲ್ಲಿ, ತೆರಿಗೆ ರಸೀದಿಯಲ್ಲಿ, ಕರೆಂಟ್ ಕಾರ್ಡಿನಲ್ಲಿ ಎಷ್ಟೋ ವರ್ಷದಿಂದ ನಾನು ಅದೇ ಆಗಿದ್ದೆ. ಅವಳ ಬಾಯಲ್ಲಿ ಆದದ್ದು ಅಂದೇ. ಕೈಮುಗಿದು, ಅಷ್ಟು ದೊಡ್ಡ ಮನುಷ್ಯ ಎಷ್ಟು ಹೊತ್ತು ನಿಲ್ಲಬಹುದೋ ಅಷ್ಟು ಹೊತ್ತು ನಿಂತು, ಒಬ್ಬನೇ ಮನೆಗೆ ಬಂದೆ.